ವಸುಧೇಂದ್ರ: ಸ್ವಂತ ಹೆಸರಿನ ಕಥೆಗಾರ

ವಸುಧೇಂದ್ರ ಹುಟ್ಟಿದ್ದು 1969ರಲ್ಲಿ, ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ. ಸುತ್ತಲೂ ಬೆಟ್ಟ, ಬೆಟ್ಟದ ಒಡಲಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು, ಕಾಡಿನ ನಡುವೆ ಕುಮಾರಸ್ವಾಮಿಯ ಪುರಾತನ ಗುಡಿ, ಊರೊಳಗೆ ಘೋರ್ಪಡೆ ಅರಸರ ಅರಮನೆ. ದೇಶ ಸ್ವತಂತ್ರವಾಗಿ 1949ರಲ್ಲಿ ವಿಲೀನವಾಗುವವರೆಗೆ ಸಂಡೂರು ತನ್ನದೇ ಅರಸರಿದ್ದ ಪುಟ್ಟ ಸಂಸ್ಥಾನ. ಹುನಗುಂದ, ಬಾದಾಮಿ, ಗುಳೇದಗುಡ್ಡಗಳಲ್ಲಿ ಬೆಳೆದವರಿಗೆ ಇಂಥ ಊರಿನ ನಡೆನುಡಿಯನ್ನು ಬಿಡಿಸಿ ಹೇಳಬೇಕಿಲ್ಲ. ಯಾರ ಮಗ ಯಾವ ಕಾಲೇಜು ಸೇರಿದ, ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರಿಗೆ ಮೂವತ್ತು ದಾಟಿದರೂ ಲಗ್ನವಾಗಿಲ್ಲ ಎಂಬುದು ಓಣಿಗೆಲ್ಲ ಗೊತ್ತಿರುವ ತಾಲ್ಲೂಕು ಊರು ಅದು. ವಸುಧೇಂದ್ರರ ಬರವಣಿಗೆಯ ಬೇರು ಇಲ್ಲಿದೆ. ಅವರು ಮುಂದೆ ವರ್ಷಗಟ್ಟಲೆ ಒಳಗೇ ಇಟ್ಟುಕೊಂಡ ಸಂಕಟದ ಬೇರೂ ಇಲ್ಲಿಯೇ ಇದೆ.

ಓದಿನಲ್ಲಿ ಮುಂದಿದ್ದ ಹುಡುಗ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಸೇರಿದರು. ಅಲ್ಲಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಿ ಸ್ನಾತಕೋತ್ತರ ಪದವಿ ಪಡೆದರು. ಬೆಂಗಳೂರು ಆಗ ಸಾಫ್ಟ್‌ವೇರ್ ನಗರವಾಗಿ ಬೆಳೆಯುತ್ತಿದ್ದ ಕಾಲ. ಸುಮಾರು ಎರಡು ದಶಕ ಅವರು ಆ ಉದ್ಯಮದಲ್ಲಿ ದುಡಿದರು, ದೊಡ್ಡ ಹುದ್ದೆಗಳಿಗೆ ಏರಿದರು, ಕೊನೆಗೆ ಅದನ್ನು ಬಿಟ್ಟು ಪೂರ್ಣಾವಧಿ ಲೇಖಕರಾದರು. ಉತ್ತರ ಕರ್ನಾಟಕದ ಮತ್ತು ಬಳ್ಳಾರಿ ಸೀಮೆಯ ಸಾವಿರಾರು ಯುವಕರು ಅದೇ ಕಾಲದಲ್ಲಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದವರು. ಆ ಪೀಳಿಗೆಯ ಬದುಕನ್ನು, ಅಂದರೆ ಕೈತುಂಬ ಸಂಬಳ, ಬಾಡಿಗೆ ಮನೆ, ಊರಲ್ಲಿ ಒಬ್ಬಂಟಿಯಾದ ತಾಯಿ, ಫೋನಿನಲ್ಲಿ ಮುಗಿಯದ ಮದುವೆಯ ಮಾತು, ಇವೆಲ್ಲವನ್ನೂ ಒಳಗಿನಿಂದ ಬಲ್ಲವರಾಗಿ ಬರೆದ ಕನ್ನಡದ ಮೊದಲ ಕಥೆಗಾರರಲ್ಲಿ ವಸುಧೇಂದ್ರ ಒಬ್ಬರು.

ಮನೀಷೆ, ಯುಗಾದಿ, ಚೇಳು, ಹಂಪಿ ಎಕ್ಸ್‌ಪ್ರೆಸ್ ಅವರ ಮೊದಲ ಘಟ್ಟದ ಕಥಾಸಂಕಲನಗಳು. ಹರಿಚಿತ್ತ ಸತ್ಯ ಅವರ ಮೊದಲ ಕಾದಂಬರಿ. ಕೋತಿಗಳು ಸಾರ್ ಕೋತಿಗಳು, ನಮ್ಮಮ್ಮ ಅಂದ್ರೆ ನಂಗಿಷ್ಟ, ರಕ್ಷಕ ಅನಾಥ, ವರ್ಣಮಯ, ಐದು ಪೈಸೆ ವರದಕ್ಷಿಣೆ ಅವರ ಪ್ರಬಂಧ ಸಂಕಲನಗಳು. ಬಳ್ಳಾರಿ ಸೀಮೆಯಲ್ಲಿ ಬೆಳೆದವರಿಗೆ ತೆಲುಗು ನೆರೆಮನೆಯ ನುಡಿ. ಹಾಗಾಗಿ ಶ್ರೀರಮಣರ ತೆಲುಗು ಕಥೆಗಳನ್ನು ಮಿಥುನ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದದ್ದು ಅವರಿಗೆ ಸಹಜವಾಗಿಯೇ ಒದಗಿದ ಕೆಲಸ. ಸಂಡೂರಿನ ಬೆಟ್ಟಗಳನ್ನು ಅಗೆದು ಲಾರಿಗೆ ತುಂಬಿದ ಗಣಿಗಾರಿಕೆಯ ವರ್ಷಗಳು ಕೆಂಪು ಗಿಣಿ ಎಂಬ ಕಥೆಯಾದವು. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನ, ದ.ರಾ. ಬೇಂದ್ರೆಯವರ ಹೆಸರಿನ ಕಥಾ ಪ್ರಶಸ್ತಿ ಮೊದಲಾದ ಮನ್ನಣೆಗಳೂ ಬಂದವು.

ಇವುಗಳಲ್ಲಿ ನಮ್ಮಮ್ಮ ಅಂದ್ರೆ ನಂಗಿಷ್ಟ ಪುಸ್ತಕದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಡಿಹುಡಿಯ ಮನೆಯೊಂದರಲ್ಲಿ, ಕೈಬಿಗಿಯ ಸಂಸಾರದಲ್ಲಿ ಮಕ್ಕಳನ್ನು ಬೆಳೆಸಿದ ತಾಯಿಯನ್ನು ಮಗ ನೆನೆಯುವ ಬರಹಗಳು ಅದರಲ್ಲಿವೆ. ಅದು ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು, ಸಾಹಿತ್ಯದ ಗಂಭೀರ ಓದುಗರಲ್ಲದವರ ಮನೆಗಳಿಗೂ ಹೋಯಿತು. ಅಜ್ಜಿಯರಿಗೆ ಮೊಮ್ಮಕ್ಕಳು ಓದಿ ಹೇಳುವಂಥ ಪುಸ್ತಕ ಅದು. ಕನ್ನಡದ ಮಧ್ಯಮ ವರ್ಗ ವಸುಧೇಂದ್ರರನ್ನು ತನ್ನ ಮನೆಯ ಮಗನೆಂದು ಒಪ್ಪಿಕೊಂಡದ್ದು ಇಲ್ಲಿಂದ. ಮುಂದೆ ಅವರು ಹೇಳಬೇಕಾಗಿದ್ದ ಕಠಿಣ ಮಾತನ್ನು ಕೇಳಿಸಿಕೊಳ್ಳುವ ಕಿವಿಗಳು ಸಿದ್ಧವಾದದ್ದೂ ಇಲ್ಲಿಂದಲೇ. ಅವರ ಬರವಣಿಗೆಯ ದಾರಿಯನ್ನು ಅರ್ಥ ಮಾಡಿಕೊಳ್ಳಲು ಈ ಕ್ರಮ ಮುಖ್ಯ: ಮೊದಲು ಅಮ್ಮನ ಪುಸ್ತಕ, ಆಮೇಲೆ ಮೋಹನಸ್ವಾಮಿ ಎಂಬ ಕಥಾಸಂಕಲನ.

2004ರಲ್ಲಿ ಅವರು ಛಂದ ಪುಸ್ತಕ ಎಂಬ ಪ್ರಕಾಶನವನ್ನು ಆರಂಭಿಸಿದರು. ಕನ್ನಡದಲ್ಲಿ ಹೊಸ ಲೇಖಕರ ಮೊದಲ ಕಥಾಸಂಕಲನಕ್ಕೆ ಪ್ರಕಾಶಕರು ಸಿಗುವುದು ಕಷ್ಟ. ಸಿಕ್ಕರೂ ಗ್ರಂಥಾಲಯದ ಖರೀದಿಯನ್ನು ನಂಬಿ ಅಚ್ಚಾಗುವ ಪುಸ್ತಕಕ್ಕೆ ಓದುಗರು ಸಿಗುವುದು ಇನ್ನೂ ಕಷ್ಟ. ಛಂದ ಪುಸ್ತಕ ಪ್ರತಿವರ್ಷ ಅಪ್ರಕಟಿತ ಕಥೆಗಳ ಹಸ್ತಪ್ರತಿಗಳನ್ನು ಆಹ್ವಾನಿಸಿ, ಹಿರಿಯ ಲೇಖಕರಿಂದ ಆಯ್ಕೆ ಮಾಡಿಸಿ, ಬಹುಮಾನ ಕೊಟ್ಟು, ಆ ಪುಸ್ತಕವನ್ನು ಅಚ್ಚುಕಟ್ಟಾಗಿ ಹೊರತರುವ ಪದ್ಧತಿ ಹಾಕಿತು. ಮುಖಪುಟ ವಿನ್ಯಾಸಕ್ಕೂ ಸ್ಪರ್ಧೆ ನಡೆಸಿತು. ಮೌನೇಶ ಬಡಿಗೇರರ ಮಾಯಾ ಕೋಲಾಹಲ, ಶಾಂತಿ ಕೆ. ಅಪ್ಪಣ್ಣನವರ ಮನಸು ಅಭಿಸಾರಿಕೆ, ಪದ್ಮನಾಭ ಭಟ್ ಶೇವ್ಕಾರರ ಕೇಪಿನ ಡಬ್ಬಿ ಈ ದಾರಿಯಲ್ಲಿ ಬಂದ ಪುಸ್ತಕಗಳು. ಮೂರಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಬಂದಿದೆ. ಇನ್ನೊಬ್ಬರ ಮೊದಲ ಪುಸ್ತಕಕ್ಕೆ ಇಷ್ಟು ಕಾಳಜಿ ಮಾಡಿದ ಲೇಖಕರು ಕನ್ನಡದಲ್ಲಿ ವಿರಳ. ಈ ಪ್ರಕಾಶನದಿಂದ ವಸುಧೇಂದ್ರರಿಗೆ ಸ್ವತಃ ಒದಗಿದ ಒಂದು ಸ್ವಾತಂತ್ರ್ಯವೂ ಇದೆ. ಯಾವ ಹಸ್ತಪ್ರತಿಯನ್ನು ಬೇರೆಯವರು ಮುಟ್ಟಲು ಹಿಂಜರಿಯಬಹುದಿತ್ತೋ ಅದನ್ನು ಅವರು ತಮ್ಮದೇ ಮನೆಯಿಂದ ಹೊರತರಬಹುದಿತ್ತು.

ಆ ಹಸ್ತಪ್ರತಿ ಮೋಹನಸ್ವಾಮಿ. 2013ರಲ್ಲಿ ಛಂದ ಪುಸ್ತಕದಿಂದಲೇ ಪ್ರಕಟವಾದ ಈ ಕಥಾಸಂಕಲನದ ಮೂಲಕ ವಸುಧೇಂದ್ರ ತಾವು ಸಲಿಂಗಕಾಮಿ ಎಂಬುದನ್ನು ಓದುಗರ ಮುಂದೆ ಇಟ್ಟರು. ಆಗ ಅವರಿಗೆ ನಲವತ್ತು ದಾಟಿತ್ತು, ಹೆಸರು ನೆಲೆಯಾಗಿತ್ತು, ಕಳೆದುಕೊಳ್ಳುವುದು ಬಹಳವಿತ್ತು. ಈ ಬಗೆಯ ಕಥೆಯನ್ನು ಅವರು ಮೊದಲು ಪ್ರಕಟಿಸಿದ್ದು ಬೇರೊಂದು ಹೆಸರಿನಲ್ಲಿ. ಕಥೆ ಓದುಗರನ್ನು ಮುಟ್ಟಿತು, ಬರೆದವರು ಯಾರೆಂದು ತಿಳಿಯಲಿಲ್ಲ. ಹಾಗೆಯೇ ಉಳಿದಿದ್ದರೆ ಕನ್ನಡಕ್ಕೆ ಕೆಲವು ಒಳ್ಳೆಯ ಕಥೆಗಳು ಸಿಗುತ್ತಿದ್ದವು, ಅಷ್ಟೇ. ಪುಸ್ತಕವಾಗುವಾಗ ಅವರು ಮುಖವಾಡದ ಹೆಸರನ್ನು ತೆಗೆದು ತಮ್ಮ ಹೆಸರನ್ನೇ ಮುಖಪುಟದ ಮೇಲೆ ಹಾಕಿದರು. ವಸುಧೇಂದ್ರರ ಬದುಕಿನಲ್ಲಿ ಹೋರಾಟ ಎನ್ನಬಹುದಾದದ್ದು ಅಲ್ಲಿಂದ ಶುರುವಾಗುತ್ತದೆ. ಬೀದಿಯ ಮೆರವಣಿಗೆ, ನ್ಯಾಯಾಲಯದ ಅರ್ಜಿಗಳ ಪಕ್ಕದಲ್ಲಿ ಇಟ್ಟು ನೋಡಿದರೂ ಆ ಒಂದು ನಿರ್ಧಾರದ ತೂಕ ಕಡಿಮೆಯಾಗುವುದಿಲ್ಲ.

ಸಂಕಲನದ ಬಹುಪಾಲು ಕಥೆಗಳ ನಾಯಕನ ಹೆಸರು ಮೋಹನಸ್ವಾಮಿ. ಸಣ್ಣ ಊರಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನೌಕರಿ ಮಾಡುವವನು. ಅವನ ಅನುಭವಗಳ ಹಿಂದೆ ತಮ್ಮ ಬದುಕಿದೆ ಎಂಬುದನ್ನು ಲೇಖಕರು ಮುಚ್ಚಿಡಲಿಲ್ಲ. ಆದರೂ ಇದನ್ನು ಆತ್ಮಕಥೆಯೆಂದು ಓದಿದರೆ ಕಥೆಗಾರಿಕೆಯ ಕುಸುರಿ ಕಣ್ತಪ್ಪುತ್ತದೆ. ಕಗ್ಗಂಟು ಎಂಬ ಕಥೆಯಲ್ಲಿ ಮೋಹನಸ್ವಾಮಿ ವರ್ಷಗಳಿಂದ ಒಂದೇ ಮನೆಯಲ್ಲಿ ಕಾರ್ತಿಕನ ಜೊತೆ ಬದುಕಿದ್ದಾನೆ. ಕಾರ್ತಿಕನಿಗೆ ಹೆಣ್ಣು ಗೊತ್ತಾಗುತ್ತದೆ, ಮದುವೆಯಾಗುತ್ತದೆ. ಬಿಟ್ಟುಹೋದವನ ದುಃಖವನ್ನು ಹೇಳಿಕೊಳ್ಳಲು ಮೋಹನಸ್ವಾಮಿಗೆ ಒಬ್ಬರೂ ಇಲ್ಲ. ಗಂಡ ಸತ್ತ ಹೆಂಗಸಿಗೆ, ಪ್ರೀತಿಸಿದ ಹುಡುಗಿ ಕೈತಪ್ಪಿದ ಹುಡುಗನಿಗೆ ಸಮಾಜ ಸಮಾಧಾನ ಹೇಳುತ್ತದೆ. ಇವನ ನಷ್ಟವನ್ನು ನಷ್ಟವೆಂದು ಗುರುತಿಸುವವರೇ ಇಲ್ಲ. ಮದುವೆಗೆ ಬಂದ ನೆಂಟರ ಕಣ್ಣಿಗೆ ಅವನು ವರನ ಗೆಳೆಯ, ರೂಮ್‌ಮೇಟ್ ಮಾತ್ರ.

ಬಾಲ್ಯಕ್ಕೆ ಹೋಗುವ ಕಥೆಗಳು ಇನ್ನೂ ಹತ್ತಿರ ಬರುತ್ತವೆ. ಸೈಕಲ್ ತುಳಿಯಲು ಕಲಿಯುವುದು ಹಳ್ಳಿಯ, ಸಣ್ಣ ಊರಿನ ಹುಡುಗರಿಗೆ ಗಂಡಸಾಗುವ ಮೊದಲ ಪರೀಕ್ಷೆ. ಆ ಪರೀಕ್ಷೆಯಲ್ಲಿ ಹಿಂದೆ ಬೀಳುವ, ಹುಡುಗಿಯರ ಜೊತೆ ಆಡಲು ಇಷ್ಟಪಡುವ, ನಡಿಗೆ ಮತ್ತು ದನಿ ಸ್ವಲ್ಪ ಮೆದುವಾಗಿರುವ ಹುಡುಗನಿಗೆ ಶಾಲೆಯ ಬಯಲಿನಲ್ಲಿ ಬೀಳುವ ಬೈಗುಳ ಯಾವುದೆಂದು ಎಲ್ಲರಿಗೂ ಗೊತ್ತು. ಅದನ್ನು ಕೂಗಿದವರು ಮರುದಿನಕ್ಕೆ ಮರೆಯುತ್ತಾರೆ, ಕೇಳಿಸಿಕೊಂಡವನು ಮರೆಯುವುದಿಲ್ಲ. ವಸುಧೇಂದ್ರ ಈ ಸಂಗತಿಯನ್ನು ಸಿಟ್ಟಿನಿಂದ ಬರೆಯದೆ, ಒಂದೊಂದೇ ವಿವರವನ್ನು ಜೋಡಿಸುತ್ತ ಬರೆದಿದ್ದಾರೆ. ತಗಣಿ ಎಂಬ ಕಥೆಯಲ್ಲಿ ಹಳ್ಳಿಯಲ್ಲೇ ಉಳಿದ, ತನ್ನ ಸ್ವಭಾವವನ್ನು ಬಚ್ಚಿಡಲಾರದ ಯುವಕನೊಬ್ಬನ ಬದುಕು ದುರಂತದಲ್ಲಿ ಮುಗಿಯುತ್ತದೆ. ಮೋಹನಸ್ವಾಮಿಗೆ ಓದು, ನೌಕರಿ, ನಗರ ಎಂಬ ಮೂರು ಬಾಗಿಲು ತೆರೆದಿದ್ದವು. ಆ ಯುವಕನಿಗೆ ಒಂದೂ ತೆರೆದಿರಲಿಲ್ಲ. ಒಂದೇ ಬಗೆಯ ಮನಸ್ಸಿನ ಇಬ್ಬರ ನಡುವೆ ಜಾತಿ, ವಿದ್ಯೆ, ಹಣ ಎಷ್ಟು ಅಂತರ ತರಬಲ್ಲವು ಎಂಬುದನ್ನು ಪುಸ್ತಕ ಹೀಗೆ ತೋರಿಸುತ್ತದೆ. ಇಡೀ ಸಂಕಲನದ ಅತ್ಯಂತ ಬಲವಾದ ಕಥೆ ಇದೇ. ಸಂಕಲನದ ಕೊನೆಗೆ ಮೋಹನಸ್ವಾಮಿ ಆಫ್ರಿಕದ ಅತ್ಯುನ್ನತ ಪರ್ವತ ಕಿಲಿಮಂಜಾರೊವನ್ನು ಏರುತ್ತಾನೆ. ಮೈಯನ್ನು ಹೇಡಿಯೆಂದು ಹಂಗಿಸಿಕೊಂಡು ಬೆಳೆದವನು ಅದೇ ಮೈಯಿಂದ 5,895 ಮೀಟರ್ ಎತ್ತರ ಮುಟ್ಟುತ್ತಾನೆ.

ಪುಸ್ತಕ ಬಂದ ವರ್ಷವನ್ನು ಕಾನೂನಿನ ಇತಿಹಾಸದೊಡನೆ ಇಟ್ಟು ನೋಡಬೇಕು. ಬ್ರಿಟಿಷರು 1860ರಲ್ಲಿ ರೂಪಿಸಿದ ಭಾರತೀಯ ದಂಡ ಸಂಹಿತೆಯ 377ನೇ ಕಲಂ, ನಿಸರ್ಗಕ್ಕೆ ವಿರುದ್ಧವೆಂದು ಅದು ಕರೆದ ಲೈಂಗಿಕ ಕ್ರಿಯೆಗೆ ಜೀವಾವಧಿಯವರೆಗೆ ಶಿಕ್ಷೆ ವಿಧಿಸುತ್ತಿತ್ತು. ನಾಜ್ ಫೌಂಡೇಶನ್ 2001ರಲ್ಲಿ ಹೂಡಿದ ಅರ್ಜಿಯ ಮೇಲೆ ದೆಹಲಿ ಹೈಕೋರ್ಟು 2009ರ ಜುಲೈ 2ರಂದು, ವಯಸ್ಕರು ಪರಸ್ಪರ ಒಪ್ಪಿಗೆಯಿಂದ ಖಾಸಗಿಯಾಗಿ ನಡೆಸುವ ಸಂಬಂಧ ಅಪರಾಧವಲ್ಲ ಎಂದು ತೀರ್ಪಿತ್ತಿತು. ನಾಲ್ಕು ವರ್ಷ ಆ ತೀರ್ಪು ನಿಂತಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ 377ನೇ ಕಲಮನ್ನು ಮತ್ತೆ ಜೀವಂತಗೊಳಿಸಿತು. ಅಂದರೆ ಮೋಹನಸ್ವಾಮಿ ಪ್ರಕಟವಾದ ವರ್ಷದಲ್ಲಿಯೇ ಅದರ ಲೇಖಕರು, ಅದರ ನಾಯಕ ಮತ್ತು ಅದನ್ನು ಗುಟ್ಟಾಗಿ ಓದಿ ಕಣ್ಣೀರಿಟ್ಟ ಯುವಕರು ಕಾನೂನಿನ ಕಣ್ಣಿನಲ್ಲಿ ಮತ್ತೆ ಅಪರಾಧಿಗಳಾದರು. ಆ ವಾತಾವರಣದಲ್ಲಿ ತಮ್ಮ ಹೆಸರು, ಊರು, ಮುಖವನ್ನು ತೋರಿಸಿ ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಮಾತನಾಡುತ್ತಲೇ ಇರುವುದಕ್ಕೆ ಧೈರ್ಯ ಬೇಕಿತ್ತು.

ಮುಂದೆ 2018ರ ಸೆಪ್ಟೆಂಬರ್ 6ರಂದು, ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠ ಒಪ್ಪಿಗೆಯ ವಯಸ್ಕ ಸಂಬಂಧಗಳನ್ನು 377ರ ಹಿಡಿತದಿಂದ ಬಿಡಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲವೇ ಇಲ್ಲ.

ವಸುಧೇಂದ್ರರ ಸಾರ್ವಜನಿಕ ಕೆಲಸ ಬಹುತೇಕ ಸದ್ದಿಲ್ಲದ್ದು. ಪುಸ್ತಕ ಓದಿದವರು ಅವರನ್ನು ಸಂಪರ್ಕಿಸತೊಡಗಿದರು. ತಮ್ಮ ಗುಟ್ಟನ್ನು ಅದುವರೆಗೆ ಯಾರಿಗೂ ಹೇಳದವರು ಅವರಿಗೆ ಹೇಳಿಕೊಂಡರು. ಮಗನ ಬಗ್ಗೆ ತಿಳಿದು ದಿಕ್ಕುತೋಚದೆ ನಿಂತ ತಂದೆತಾಯಿಯರೂ ಬಂದರು. ಅವರೆಲ್ಲರ ಜೊತೆ ಕುಳಿತು ಮಾತನಾಡುವ ಆಪ್ತಸಮಾಲೋಚನೆಯನ್ನು ವಸುಧೇಂದ್ರ ತಮ್ಮ ಕೆಲಸವಾಗಿ ಕೈಗೆತ್ತಿಕೊಂಡರು. ಇಲ್ಲಿ ಭಾಷೆಯ ಸಂಗತಿ ದೊಡ್ಡದು. ಬೆಂಗಳೂರಿನಲ್ಲಿ ಗುಡ್ ಆ್ಯಸ್ ಯೂ ಎಂಬ ಬೆಂಬಲ ಗುಂಪು 1990ರ ದಶಕದಲ್ಲೇ ಇತ್ತು. ಸಂಗಮ ಸಂಸ್ಥೆ ಅದೇ ದಶಕದ ಕೊನೆಗೆ ಕೆಲಸ ಆರಂಭಿಸಿ ದುಡಿಯುವ ವರ್ಗದ ಲೈಂಗಿಕ ಅಲ್ಪಸಂಖ್ಯಾತರ ನಡುವೆ ದೊಡ್ಡ ಸೇವೆ ಮಾಡಿತು. 2008ರಿಂದ ನಗರದಲ್ಲಿ ಪ್ರೈಡ್ ಮೆರವಣಿಗೆಯೂ ನಡೆಯತೊಡಗಿತು. ಆದರೆ ಸಲಿಂಗ ಪ್ರೀತಿಯ ಬಗ್ಗೆ ಗೌರವದಿಂದ ಮಾತನಾಡುವ ಬರಹ ಬಹುಪಾಲು ಇಂಗ್ಲಿಷಿನಲ್ಲಿತ್ತು. ಇಳಕಲ್ಲಿನ ಮಗ್ಗದ ಮನೆಯ ಹುಡುಗನಿಗೆ, ಬಾದಾಮಿಯ ಪದವಿ ಕಾಲೇಜಿನ ವಿದ್ಯಾರ್ಥಿಗೆ ಅದು ನಿಲುಕುವಂತಿರಲಿಲ್ಲ. ಅವರಿಗೆ ಕನ್ನಡದಲ್ಲಿ ಸಿಗುತ್ತಿದ್ದದ್ದು ಬೈಗುಳ ಇಲ್ಲವೇ ಸಿನಿಮಾದ ಅಪಹಾಸ್ಯ. ತಾಲ್ಲೂಕು ಗ್ರಂಥಾಲಯದ ಕಪಾಟಿನಲ್ಲಿ ಸಿಗಬಹುದಾದ, ಅಮ್ಮನ ಕೈಗೂ ಕೊಡಬಹುದಾದ ಕನ್ನಡದ ಪುಸ್ತಕವೊಂದು ಆ ಕೊರತೆಯನ್ನು ತುಂಬಿತು.

ಸಮಾಲೋಚನೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು ಎರಡು. ಮೊದಲನೆಯದು, ಇದು ಕಾಯಿಲೆಯೇ, ಔಷಧ ಉಂಟೇ ಎಂಬುದು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿಯೇ ಸಲಿಂಗ ಆಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು. ಭಾರತೀಯ ಮನೋವೈದ್ಯಕೀಯ ಸಂಘವೂ 2018ರಲ್ಲಿ ಅದು ರೋಗವಲ್ಲವೆಂದು ಹೇಳಿತು. ರೋಗವಲ್ಲದ ಮೇಲೆ ಔಷಧದ ಮಾತಿಲ್ಲ. ಹಾಗಿದ್ದೂ ಗುಣಪಡಿಸುತ್ತೇವೆಂದು ಹಣ ಕೀಳುವವರು ಇದ್ದಾರೆ. ಎರಡನೆಯದು ಮದುವೆ. ಲಗ್ನ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಹಾಗೆ ಮಾಡಿಸಿದ ಮದುವೆಯಲ್ಲಿ ಎರಡು ಜೀವ ಹಾಳಾಗುತ್ತವೆ. ಏನೂ ತಿಳಿಯದೆ ಆ ಮನೆಗೆ ಬಂದ ಹೆಣ್ಣಿನ ಪಾಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒತ್ತಾಯದ ಮದುವೆಯ ಅನಾಹುತವನ್ನು ವಸುಧೇಂದ್ರ ಕಥೆಯಲ್ಲಿಯೂ ಮಾತಿನಲ್ಲಿಯೂ ಒತ್ತಿ ಹೇಳಿದ್ದಾರೆ. ತಂದೆತಾಯಿಯರು ಈ ಮಾತನ್ನು ಕೇಳಿಸಿಕೊಳ್ಳಲೇಬೇಕು.

ಈ ನಾಡಿಗೆ ಗಂಡು-ಹೆಣ್ಣಿನ ಗೆರೆ ದಾಟಿದವರ ಪರಿಚಯ ಹೊಸದಲ್ಲ. ಮಲಪ್ರಭೆಯ ಸೀಮೆಯ ಊರೂರುಗಳಿಂದ ಭರತ ಹುಣ್ಣಿವೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಬಂಡಿಗಳ ಜೊತೆಯಲ್ಲಿ ಜೋಗಪ್ಪಗಳು ಚೌಡಿಕೆ ಬಾರಿಸುತ್ತ ನಡೆದಿದ್ದಾರೆ. ಗಂಡಾಗಿ ಹುಟ್ಟಿ, ದೇವಿಯ ಹೆಸರಿನಲ್ಲಿ ಸೀರೆ ಉಟ್ಟು, ತಲೆಯ ಮೇಲೆ ಕೊಡ ಹೊತ್ತವರಿಗೆ ಮನೆಮನೆಯಲ್ಲಿ ಜೋಳ ನೀಡಿ ಕೈಮುಗಿಯುವುದು ಇಲ್ಲಿನ ರೂಢಿ. ಬನದ ಹುಣ್ಣಿವೆಗೆ ನೆರೆಯುವ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ವಾರಗಟ್ಟಲೆ ನಾಟಕ ಕಂಪನಿಗಳು ಬೀಡುಬಿಡುತ್ತವೆ. ಹಿಂದೆ ಆ ರಂಗದ ಮೇಲೆ ಗಂಡಸರೇ ನಾಯಕಿಯರಾಗಿ ಮೆರೆದರು. ಏಣಗಿ ಬಾಳಪ್ಪನವರೂ ಚಿಕ್ಕ ವಯಸ್ಸಿನಲ್ಲಿ ಸ್ತ್ರೀಪಾತ್ರ ಮಾಡಿದವರೇ. ಮರಿಯಮ್ಮನಹಳ್ಳಿಯ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಗೌರವ ಪಡೆದರು. ಅವರ ಬದುಕಿನ ಕಥನ ನಡುವೆ ಸುಳಿವ ಹೆಣ್ಣು ಎಂಬ ಹೆಸರಿನಲ್ಲಿ ಅರುಣ್ ಜೋಳದಕೂಡ್ಲಿಗಿ ಅವರ ನಿರೂಪಣೆಯಲ್ಲಿ ಬಂದಿದೆ.

ಹೀಗಿದ್ದರೂ ಮೋಹನಸ್ವಾಮಿಯಂಥವನಿಗೆ ಈ ಪರಂಪರೆಗಳಲ್ಲಿ ಜಾಗವಿಲ್ಲ. ಅವನು ಹೆಣ್ಣಾಗಬೇಕೆಂದು ಬಯಸಿದವನಲ್ಲ. ಅವನು ಗಂಡಸು, ಗಂಡಸನ್ನೇ ಪ್ರೀತಿಸುವ ಗಂಡಸು. ಲಿಂಗತ್ವ ಅಲ್ಪಸಂಖ್ಯಾತರ ಪ್ರಶ್ನೆ ತಾನು ಯಾರು ಎಂಬುದರದ್ದು. ಸಲಿಂಗಿಗಳ ಪ್ರಶ್ನೆ ತಾನು ಯಾರನ್ನು ಪ್ರೀತಿಸುತ್ತೇನೆ ಎಂಬುದರದ್ದು. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ. ದೇವಿಯ ಸೇವೆಗೆ ನಿಂತವರಿಗೆ ಸಮಾಜ ಹೆದರಿಕೆ ಬೆರೆತ ಒಂದು ಗೌರವ ಕೊಟ್ಟಿದೆ. ದೇವರ ಹೆಸರು ಹೇಳದೆ, ಎಲ್ಲರಂತೆ ಪ್ಯಾಂಟು ಅಂಗಿ ತೊಟ್ಟು ನೌಕರಿಗೆ ಹೋಗುವ ಮಗ ಇನ್ನೊಬ್ಬ ಹುಡುಗನ ಜೊತೆ ಬಾಳಬೇಕೆಂದರೆ ಅದಕ್ಕೆ ನಮ್ಮಲ್ಲಿ ರೂಢಿಯೇ ಇಲ್ಲ. ವಸುಧೇಂದ್ರ ಬರೆದದ್ದು ಇವನ ಕಥೆಯನ್ನು. ಅದನ್ನು ಪುರಾಣದ ಆಸರೆಯಿಲ್ಲದೆ, ಅಡುಗೆಮನೆ, ಕಚೇರಿ, ಲಗ್ನದ ಮಂಟಪಗಳ ನಡುವೆ ಬರೆದರು.

ಜಗತ್ತಿನ ಸಾಹಿತ್ಯದಲ್ಲಿ ಇಂಥ ಬರಹಕ್ಕೆ ಕಾದು ಕುಳಿತ ಇತಿಹಾಸವಿದೆ. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್‌ಸ್ಟರ್ 1913ರಲ್ಲಿ ಮಾರಿಸ್ ಕಾದಂಬರಿಯನ್ನು ಬರೆಯತೊಡಗಿದರು. ಇಬ್ಬರು ಗಂಡಸರ ಪ್ರೀತಿ ಸುಖಾಂತವಾಗುವ ಆ ಕೃತಿಯನ್ನು ಬದುಕಿರುವಾಗ ಪ್ರಕಟಿಸಲು ಅವರು ಒಪ್ಪಲಿಲ್ಲ. ಅವರು ತೀರಿದ ಮೇಲೆ 1971ರಲ್ಲಿ ಅದು ಹೊರಬಂತು. ಫಾರ್‌ಸ್ಟರ್ ಬರೆಯತೊಡಗಿದ ವರ್ಷಕ್ಕೂ ಮೋಹನಸ್ವಾಮಿ ಬಂದ ವರ್ಷಕ್ಕೂ ಸರಿಯಾಗಿ ನೂರು ವರ್ಷಗಳ ಅಂತರ. ಅಮೆರಿಕದ ಜೇಮ್ಸ್ ಬಾಲ್ಡ್‌ವಿನ್ 1956ರಲ್ಲಿ ಜೊವಾನಿಸ್ ರೂಮ್ ಪ್ರಕಟಿಸಿದರು. ಕರಿಯರ ಹಕ್ಕುಗಳ ಹೋರಾಟದಲ್ಲೂ ಅವರು ಮುಂದಾಳು. ಭಾರತದಲ್ಲಿ ಇಸ್ಮತ್ ಚುಗ್ತಾಯಿ 1942ರಲ್ಲಿ ಲಿಹಾಫ್ ಎಂಬ ಉರ್ದು ಕಥೆ ಬರೆದು ಅಶ್ಲೀಲತೆಯ ಮೊಕದ್ದಮೆ ಎದುರಿಸಿದರು. ನೆರೆಯ ಮರಾಠಿಯಲ್ಲಿ ಬಿಂದುಮಾಧವ ಖಿರೆ ಪುಣೆಯಲ್ಲಿ 2002ರಲ್ಲಿ ಸಮಪಥಿಕ ಟ್ರಸ್ಟ್ ಕಟ್ಟಿ, ಪಾರ್ಟನರ್ ಎಂಬ ಕಾದಂಬರಿಯನ್ನು ಬರೆದರು. ಸಂಸ್ಥೆ ಕಟ್ಟಿ ಹೋರಾಡುತ್ತಲೇ ಬರೆದವರು ಖಿರೆ. ವಸುಧೇಂದ್ರರದು ತಿರುವುಮುರುವಾದ ದಾರಿ: ಬರೆಯುತ್ತ ಬರೆಯುತ್ತ ಜನರ ನಡುವೆ ನಿಂತವರು.

ಮೋಹನಸ್ವಾಮಿಯನ್ನು ರಶ್ಮಿ ತೇರದಾಳ ಇಂಗ್ಲಿಷಿಗೆ ಅನುವಾದಿಸಿದರು. 2016ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಟಿಸಿದ ಆ ಅನುವಾದದಿಂದ ಪುಸ್ತಕ ದೇಶದ ಇತರ ಕಡೆಗೂ ತಲುಪಿತು. ವಿಷಮ ಭಿನ್ನರಾಶಿ ಎಂಬ ಇನ್ನೊಂದು ಕಥಾಸಂಕಲನ 2017ರಲ್ಲಿ ಬಂತು. ಸಲಿಂಗಿ ಲೇಖಕ ಎಂಬ ಒಂದೇ ಚೌಕಟ್ಟಿನೊಳಗೆ ಅವರು ಕುಳಿತುಬಿಡಬಹುದು ಎಂದು ಕೆಲವರು ಎಣಿಸಿದ್ದ ಹೊತ್ತಿಗೆ, 2019ರಲ್ಲಿ ತೇಜೋ ತುಂಗಭದ್ರಾ ಹೊರಬಂತು. ಕನ್ನಡದಲ್ಲಿ ಈಚೆಗೆ ಬಂದ ಅತ್ಯಂತ ದೊಡ್ಡ ಹರವಿನ ಐತಿಹಾಸಿಕ ಕಾದಂಬರಿಗಳಲ್ಲಿ ಅದು ಒಂದು.

ತೇಜೋ ಎಂಬುದು ಪೋರ್ಚುಗಲ್ಲಿನ ಲಿಸ್ಬನ್ ನಗರದ ನದಿ. ಅಲ್ಲಿ ಗೇಬ್ರಿಯಲ್ ಎಂಬ ಬಡ ಯುವಕ, ಅವನು ಪ್ರೀತಿಸುವ ಯಹೂದಿ ಹುಡುಗಿ ಬೆಲ್ಲಾ. ಇಲ್ಲಿ ತುಂಗಭದ್ರೆಯ ದಂಡೆಯ ತೆಂಬಕಪುರ, ಅಲ್ಲಿನ ಹಂಪಮ್ಮ, ವಿಜಯನಗರದ ವೈಭವ. 1497ರಲ್ಲಿ ಪೋರ್ಚುಗಲ್ಲಿನ ದೊರೆ ಮಾನ್ಯುಯೆಲ್ ಯಹೂದಿಗಳನ್ನು ಬಲವಂತದಿಂದ ಮತಾಂತರಿಸಿದ. 1510ರಲ್ಲಿ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡ. ಈ ಎರಡು ಚಾರಿತ್ರಿಕ ಹೊಡೆತಗಳ ನಡುವೆ ಸಿಕ್ಕ ಸಾಮಾನ್ಯರ ಕಥೆ ಅದು. ಕಾಳುಮೆಣಸಿನ ಹಣವನ್ನು ಅರಸಿ ಹಡಗು ಹತ್ತಿದ ಗೇಬ್ರಿಯಲ್ ಬದುಕಿಕೊಳ್ಳಲು ಹೆಸರು, ಧರ್ಮ, ಊರು ಎಲ್ಲವನ್ನೂ ಬದಲಿಸಿಕೊಳ್ಳಬೇಕಾಗುತ್ತದೆ. ವಿಜಯನಗರದ ಕಡೆ, ಒಡೆಯನಿಗಾಗಿ ತಲೆ ಕೊಡುವ ವ್ರತ ತೊಟ್ಟ ಲೆಂಕರು ಮತ್ತು ಸತಿ ಹೋಗುವ ಹೆಂಗಸರು ಕಾಣುತ್ತಾರೆ. ಅರಸರ ಗುಣಗಾನ ಮಾಡುವ ಐತಿಹಾಸಿಕ ಕಾದಂಬರಿಗಳ ಜಾಡು ಇದಲ್ಲ. ಬಹುಸಂಖ್ಯಾತರ ನಂಬಿಕೆ, ರೂಢಿ, ದೊರೆಯ ಮರ್ಜಿ ಒಬ್ಬ ವ್ಯಕ್ತಿಯ ಪ್ರೀತಿಯ ಮೇಲೆ ಹೇಗೆ ಸವಾರಿ ಮಾಡುತ್ತವೆ ಎಂಬುದು ಇದರ ಕಾಳಜಿ. ಮೋಹನಸ್ವಾಮಿಯನ್ನು ಬರೆದವರ ಕಣ್ಣು ಇಲ್ಲಿಯೂ ಎಚ್ಚರವಾಗಿದೆ. ಮೈತ್ರೇಯಿ ಕರ್ನೂರ್ ಇದನ್ನು ಇಂಗ್ಲಿಷಿಗೆ ತಂದಿದ್ದಾರೆ.

ಬಾಗಲಕೋಟೆಯ ಓದುಗರಿಗೆ ಈ ಕಾದಂಬರಿಯ ಭೂಗೋಳ ದೂರದ್ದಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನೆಲಕ್ಕಾಗಿ ವಿಜಯನಗರವೂ ಉತ್ತರದ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು. ಕಾದಂಬರಿಯ ಕಾಲದ ಅರ್ಧ ಶತಮಾನದ ನಂತರ, 1565ರಲ್ಲಿ, ವಿಜಯನಗರವನ್ನು ಮುಗಿಸಿದ ಯುದ್ಧ ನಡೆದದ್ದು ಇಲ್ಲಿಯೇ ಕೃಷ್ಣೆಯ ದಂ‌ಡೆಯ ರಕ್ಕಸಗಿ-ತಂಗಡಗಿಗಳ ಬಯಲಿನಲ್ಲಿ. 2022ರಲ್ಲಿ ಬಂದ ವಸುಧೇಂದ್ರರ ಕಾದಂಬರಿ ರೇಷ್ಮೆ ಬಟ್ಟೆ ಇನ್ನೂ ಹಿಂದಕ್ಕೆ, ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ರೇಷ್ಮೆ ಮಾರ್ಗಕ್ಕೆ, ವ್ಯಾಪಾರಿಗಳ ಮತ್ತು ಬೌದ್ಧ ಭಿಕ್ಷುಗಳ ಓಡಾಟದ ಕಾಲಕ್ಕೆ ಹೋಗುತ್ತದೆ. ಹತ್ತಿಯ ಒಡಲಿನ ಹಾಸಿಗೆ ರೇಷ್ಮೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಇಳಕಲ್ ಸೀರೆಯ ನೇಕಾರರು, ಖಣ ನೇಯುವ ಗುಳೇದಗುಡ್ಡದವರು ಆ ಕಾದಂಬರಿಯನ್ನು ಬೇರೆ ಊರಿನವರಿಗಿಂತ ಹೆಚ್ಚು ಆಪ್ತವಾಗಿ ಓದಬಲ್ಲರು. ಒಂದು ಎಳೆ ದಾರಕ್ಕೆ ಎಷ್ಟು ಕೈ ಬೇಕು ಎಂಬುದು ಅವರಿಗೆ ಗೊತ್ತು.

ಕಾನೂನಿನ ಹಾದಿ ಅರ್ಧಕ್ಕೆ ನಿಂತಿದೆ. 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ, ಸಲಿಂಗ ಜೋಡಿಗಳಿಗೆ ಮದುವೆಯ ಮೂಲಭೂತ ಹಕ್ಕು ಇಲ್ಲವೆಂದೂ ಅದನ್ನು ಕೊಡುವುದು ಸಂಸತ್ತಿಗೆ ಬಿಟ್ಟ ವಿಚಾರವೆಂದೂ ತೀರ್ಪು ಕೊಟ್ಟಿತು. ಅಂದರೆ ಕಗ್ಗಂಟು ಕಥೆಯ ಮೋಹನಸ್ವಾಮಿ ಇಂದು ಅಪರಾಧಿಯಲ್ಲ. ಆದರೆ ಅವನೂ ಕಾರ್ತಿಕನೂ ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿದರೂ ಕಾನೂನಿನ ಪ್ರಕಾರ ಅವರಿಗೆ ದಂಪತಿಯ ಸ್ಥಾನವಿಲ್ಲ. ಉಯಿಲು ಬರೆದಿಡದೆ ಒಬ್ಬ ತೀರಿಕೊಂಡರೆ ಅವನ ಆಸ್ತಿಯಲ್ಲಿ ಇನ್ನೊಬ್ಬನಿಗೆ ವಾರಸಿಕೆಯ ಹಕ್ಕು ಬರುವುದಿಲ್ಲ. ಮೋಹನಸ್ವಾಮಿ ಮರುಮುದ್ರಣಗೊಳ್ಳುತ್ತ ಬಂದಿದೆ, ಛಂದ ಪುಸ್ತಕ ಹೊಸಬರ ಕಥೆಗಳನ್ನು ಹೊರತರುತ್ತ ಬಂದಿದೆ, ಮತ್ತು ಪುಸ್ತಕ ಓದಿ ಮೊದಲ ಬಾರಿಗೆ ಬಾಯಿಬಿಟ್ಟು ಮಾತನಾಡಲು ಬರುವವರ ಜೊತೆ ಕುಳಿತುಕೊಳ್ಳುವುದನ್ನು ವಸುಧೇಂದ್ರ ತಮ್ಮ ಬರವಣಿಗೆಯಷ್ಟೇ ಮುಖ್ಯವಾದ ಕೆಲಸವಾಗಿ ನಡೆಸಿಕೊಂಡು ಬಂದಿದ್ದಾರೆ.